ಕೈ ಎತ್ತದ ಅಳಿಯ

ಮಾತು ಬೆಳ್ಳಿ, ಮೌನ ಬಂಗಾರ ಅನ್ನುವವರನ್ನು ಒಮ್ಮೆ ನಮ್ಮ ದಡಕ್ಕೆ ಕರೆತರಬೇಕು. ಆ ಬಂಗಾರವನ್ನು ಮೂಟೆ ಕಟ್ಟಿ ಅವರ ತಲೆಯ ಮೇಲೇ ಹೊರಿಸಿ ಕಳಿಸುತ್ತೇನೆ. ಇಬ್ಬರು ಗಂಡಸರು ಕೈ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತದ್ದಕ್ಕೆ ಇಲ್ಲಿ ಒಂದು ಊರಿನ ಹೆಂಗಸರ ಹೊಟ್ಟೆಪಾಡೇ ಹೋಗುವುದರಲ್ಲಿತ್ತು. ಹೋಗಲು ಬಿಡದವಳು ರಿಸ್ಪರ್.

ಅವಳು ಸರೋವರದ ಆಚೆ ದಡದ ಸಕ್ವದಿಂದ ಮದುವೆಯಾಗಿ ಬಂದವಳು. ಮೊಮ್ಮಕ್ಕಳನ್ನು ಕಂಡರೂ ನಮ್ಮವರ ಬಾಯಲ್ಲಿ ಅವಳು ಇವತ್ತಿಗೂ 'ಸಕ್ವದ ಮಗಳು'. ಗಂಡ ಬಿರುಗಾಳಿಗೆ ಸಿಕ್ಕಿ ದೋಣಿಯ ಜೊತೆಗೇ ಮುಳುಗಿದ. ವರ್ಷ ತುಂಬುವ ಮೊದಲೇ ಮೈದುನ ತನ್ನ ಮುಕ್ಕಾಲಿಯನ್ನು ತಂದು ಅವಳ ಮನೆಯೊಳಗಿಟ್ಟ. ಇನ್ನು ಮೇಲೆ ಈ ಮನೆಗೂ ಈ ಹೆಂಗಸಿಗೂ ತಾನೇ ಯಜಮಾನ ಎಂದು ಅದರರ್ಥ. ವಿಧವೆಯಾದವಳು ತಲೆ ತಗ್ಗಿಸಿ ಅವನಿಗೆ ಮುದ್ದೆ ಬಡಿಸಬೇಕು, ಅಷ್ಟೆ. ರಿಸ್ಪರ್ ಮುಕ್ಕಾಲಿಯನ್ನು ಅಂಗಳಕ್ಕೆಸೆದಳು. ಅವನು ಸಿಟ್ಟಿನಲ್ಲಿ ಅದನ್ನು ಅಲ್ಲೇ ಬಿಟ್ಟುಹೋದ. ಮರುದಿನದಿಂದ ಅದರ ಮೇಲೆ ಅವಳೇ ಕೂತು ಮೀನು ಆರಿಸತೊಡಗಿದಳು. "ಮುಕ್ಕಾಲಿ ಗಟ್ಟಿಮುಟ್ಟಾಗಿದೆ. ತಂದವನು ಮಾತ್ರ ಬೇಡವಾಗಿತ್ತು" ಎಂದು ಎಲ್ಲರೆದುರೂ ಹೇಳುತ್ತಿದ್ದಳು. ನನಗೆ ಅವಳ ಮೇಲೆ ಪ್ರೀತಿ ಹುಟ್ಟಿದ್ದು ಅಂದೇ.

ನಮ್ಮ ದಡದ ಹೆಂಗಸರೆಲ್ಲ ಬದುಕುವುದು ಒಮೆನದಿಂದ, ಬೆರಳುದ್ದದ ಬೆಳ್ಳಿ ಮೀನು. ದೋಣಿಗಳು ತಂದು ಸುರಿದದ್ದನ್ನು ಕೊಂಡು, ಮರಳಿನ ಮೇಲೆ ಹಳೆ ಬಲೆ ಹಾಸಿ ಒಣಗಿಸುತ್ತೇವೆ. ಮಳೆ ಬರುವಷ್ಟರಲ್ಲಿ ಒಣಗಿದರೆ ಮನುಷ್ಯರ ಊಟ, ಇಲ್ಲದಿದ್ದರೆ ಕೋಳಿಗಳ ಊಟ. ಆ ಮರಳನ್ನು ಪಟ್ಟಣದವನೊಬ್ಬನಿಗೆ ಬಿಟ್ಟುಕೊಡಬೇಕೆಂದು ದಡದ ಸಮಿತಿಯ ಅಧ್ಯಕ್ಷ ಒಗ್ವೆನೊಗೆ ಹೊಳೆಯಿತು. ಆ ಮನುಷ್ಯ ಬೇಲಿ ಹಾಕಿ, ನೀರಿನಲ್ಲಿ ಮೀನು ಸಾಕುವ ಪಂಜರಗಳನ್ನು ಅಲ್ಲಿ ಕಟ್ಟುತ್ತಾನಂತೆ. ನಾವು ಮೀನನ್ನು ಎಲ್ಲಿ ಒಣಗಿಸಬೇಕು ಎಂದು ಕೇಳಿದರೆ, "ದೇವರ ಸೂರ್ಯ ಎಲ್ಲಾ ಕಡೆ ಇದಾನೆ" ಅಂದ ಒಗ್ವೆನೊ. ಸೂರ್ಯ ಎಲ್ಲ ಕಡೆ ಇದ್ದಾನೆ, ಮರಳು ಇರಬೇಕಲ್ಲ.

ಸಮಿತಿಯಲ್ಲಿ ನಾವು ಏಳು ಜನ. ಒಗ್ವೆನೊ, ಅವನು ಕೆಮ್ಮಿದರೆ ತಾನೂ ಕೆಮ್ಮುವ ದೋಣಿ ಮಾಲೀಕ ಒಚೊಲಾ. ಈ ಕಡೆ ರಿಸ್ಪರ್, ನಾನು, ಬಲೆ ಹೊಲಿಯುವ ಮುದುಕ ಒಕುತಾ. ಉಳಿದವರು ಚರ್ಚಿನ ಹಿರಿಯ ಜಬ್ಲೋನ್ ಮತ್ತು ನಾಶೊನ್. ನಾಶೊನ್ ರಿಸ್ಪರಳ ಅಳಿಯ.

ಅತ್ತೆ ಅಳಿಯ ಒಂದೇ ಕೋಣೆಯಲ್ಲಿ ಕೂರುವುದೇ ನಮ್ಮಲ್ಲಿ ದೊಡ್ಡ ಮಾತು. ಒಬ್ಬರೆದುರು ಒಬ್ಬರು ಉಣ್ಣುವುದಿಲ್ಲ, ಮುಖಕ್ಕೆ ಮುಖ ಕೊಟ್ಟು ನೋಡುವುದಿಲ್ಲ. ಸಭೆಯಲ್ಲಿ ಅವನು ಈ ಗೋಡೆಗೆ, ಅವಳು ಆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು.

ಮರಳು ಹೆಂಗಸರಿಗೇ ಉಳಿಯಬೇಕೆಂದು ರಿಸ್ಪರ್ ಮುಂದಿಟ್ಟಳು. ನಾವು ಮೂವರು ಕೈ ಎತ್ತಿದೆವು. ಬೇಡ ಅಂದವರು ಇಬ್ಬರು. ಜಬ್ಲೋನ್ ಬೈಬಲ್ಲಿನ ಮೇಲೆ ಕೈಯಿಟ್ಟು "ನಾನು ಎಲ್ರಿಗೂ ಸೇರಿದವ್ನು. ನಂಗೆ ಆ ಪಕ್ಷ ಈ ಪಕ್ಷ ಇಲ್ಲ" ಅಂದ. ನಾಶೊನ್ ನೆಲ ನೋಡಿದ. ನಾನಂತೂ ಗೆದ್ದೆವೆಂದು ಎದ್ದೇ ನಿಂತಿದ್ದೆ.

"ಕೂತ್ಕೊಳಮ್ಮ" ಅಂದ ಒಗ್ವೆನೊ. "ನಿಯಮ ಏನು? ಒಳಗೆ ಕೂತೋರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೂಂ ಅನ್ಬೇಕು. ಏಳು ಜನ ಕೂತಿದೀವಿ, ನಾಕು ಕೈ ಬೇಕು. ಬಂದಿದ್ದು ಮೂರು. ಬಿತ್ತು."

"ಬೇಡ ಅಂದೋರು ಇಬ್ರೇ ಅಲ್ವಾ?" ಎಂದು ನಾನು ಕೂಗಾಡಿದೆ.

"ಇಬ್ರಾದ್ರೂ ಅಷ್ಟೇ, ಒಬ್ರೂ ಇಲ್ದಿದ್ರೂ ಅಷ್ಟೇ. ನಾಕು ಅಂದ್ರೆ ನಾಕು."

ಮೌನ ಸಮ್ಮತಿಯ ಲಕ್ಷಣ ಎಂದು ಹಿರಿಯರು ಹೇಳಿದ್ದು ಮದುವೆ ಹೆಣ್ಣಿಗಿರಬೇಕು. ನಮ್ಮ ಸಮಿತಿಯಲ್ಲಿ ಸುಮ್ಮನಿದ್ದವನು ಬೇಡ ಅಂದವನ ಪಕ್ಕದಲ್ಲೇ ಕೂತಂತೆ, ಬೈಸಿಕೊಳ್ಳುವುದು ಮಾತ್ರ ಅವನಿಗಿಲ್ಲ.

ಅಂದು ಮಧ್ಯಾಹ್ನ ನಾವು ಮೀನು ಮಗುಚುತ್ತಿರುವಾಗ ನಾಶೊನ್ ಬಂದು ದೂರದಲ್ಲಿ ಬೆನ್ನು ತಿರುಗಿಸಿ ನಿಂತ. "ಅತ್ತೇ, ನಿಮ್ಮ ಮರ್ಯಾದೆಗೋಸ್ಕರ ನಾನು ಕೈ ಎತ್ಲಿಲ್ಲ. ನಿಮಗೆ ಎದುರು ಹೋಗ್ಲಿಲ್ಲ, ಅಷ್ಟು ತಿಳ್ಕೊಳ್ಳಿ."

ರಿಸ್ಪರ್ ಸರೋವರದ ಕಡೆ ನೋಡುತ್ತಲೇ ಹೇಳಿದಳು: "ಎದುರು ಹೋಗಿದ್ರೂ ಇಷ್ಟೇ ಆಗ್ತಿತ್ತು ಅಳಿಯಂದ್ರೇ. ಅತ್ತೆಗೆ ಮರ್ಯಾದೆ ಕೊಟ್ರಿ, ಅಧ್ಯಕ್ಷರಿಗೆ ಮರಳು ಕೊಟ್ರಿ. ಒಂದೇ ಕೈಲಿ ಎರಡು ಕೆಲ್ಸ."

ಆ ವಾರವೇ ಬೇಲಿಯ ಕಂಬಗಳು ಬಂದವು. ಮೊದಲ ಗುಂಡಿ ತೋಡಬೇಕಾದ ಜಾಗದಲ್ಲಿ ರಿಸ್ಪರ್ ಮುಕ್ಕಾಲಿ ಹಾಕಿ ಕೂತಿದ್ದಳು. ಸುತ್ತ ಹಸಿ ಮೀನು ಹರವಿದ್ದಳು. ಅವಳ ಹಿಂದೆ ನಾವೆಲ್ಲ ಇದ್ದೆವು. ಒಗ್ವೆನೊ ಬಂದ.

"ಏಳು, ಸಕ್ವದ ಮಗಳೇ. ಇದು ತೀರ್ಮಾನ ಆಗಿದೆ."

"ಯಾವಾಗ ಆಯ್ತು ಯಜಮಾನ್ರೇ?"

"ನಿಂದು ಬಿತ್ತಲ್ಲ. ನೀನೇ ಇದ್ಯಲ್ಲ ಅಲ್ಲಿ."

"ನಂದು ಬಿತ್ತು. ನಿಮ್ದು ಎದ್ದಿದ್ದು ಯಾವತ್ತು? ನಾನು ಜಾರಿ ಬಿದ್ರೆ ನೀವು ಮರ ಹತ್ತಿದಂಗಾಯ್ತಾ? ಮರಳು ಕೊಡೋಣ ಅಂತ ನೀವೂ ಒಂದ್ಸಲ ಕೇಳಿ. ನಾಕು ಕೈ ಎಣಿಸಿ ತೋರ್ಸಿ. ಆಮೇಲೆ ಈ ಗುಂಡೀಲಿ ನನ್ನನ್ನೇ ಹೂತು ಕಂಬ ನೆಡಿ."

ಹೆಂಗಸರು ಹೋ ಎಂದು ನಕ್ಕರು. ಕಂಬ ಹೊತ್ತು ಬಂದವರೂ ನಕ್ಕರು. ಒಗ್ವೆನೊಗೆ ಅವಮಾನವಾಯಿತು. ಆದರೂ ಅವನಿಗೆ ಧೈರ್ಯವಿತ್ತು. ಸುಮ್ಮನಿದ್ದ ಇಬ್ಬರೂ ಒಳಗಿಂದೊಳಗೆ ತನ್ನವರೇ ಎಂದು ಅವನು ನಂಬಿದ್ದ. ನಾಳೆಯೇ ಸಭೆ ಅಂದ.

ಮರುದಿನ ರಿಸ್ಪರ್ ಆ ಮುಕ್ಕಾಲಿಯನ್ನು ಕಂಕುಳಲ್ಲಿಟ್ಟುಕೊಂಡೇ ಸಭೆಗೆ ಬಂದಳು. ಮರಳನ್ನು ಪಟ್ಟಣದವನಿಗೆ ಕೊಡೋಣವೇ ಎಂದು ಒಗ್ವೆನೊ ಕೇಳಿದ. ಅವನ ಕೈ ಎದ್ದಿತು, ಒಚೊಲಾನ ಕೈ ಎದ್ದಿತು. ಜಬ್ಲೋನ್ ಬೈಬಲ್ಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

"ನಾಶೊನ್, ಎತ್ತಪ್ಪ. ನಿನ್ನೆ ನನ್ನ ಮನೇಲಿ ಏನಂದೆ?" ಅಂದ ಒಗ್ವೆನೊ.

ನಾಶೊನನ ಕೈ ಮಡಿಲು ಬಿಟ್ಟು ಮೇಲೆ ಹೊರಟಿತು. ಆಗ ರಿಸ್ಪರ್ ಎದ್ದು, ಮುಕ್ಕಾಲಿಯನ್ನು ಕೋಣೆಯ ನಡುವೆ ತಂದಿಟ್ಟು, ಅಳಿಯನ ಮುಖಕ್ಕೆ ಮುಖ ಕೊಟ್ಟು ಕೂತಳು. ರೆಪ್ಪೆ ಬಡಿಯದೆ ಅವನನ್ನೇ ನೋಡಿದಳು. ಮಗಳ ಮದುವೆಯಾದಂದಿನಿಂದ ಅವಳು ಹಾಗೆ ನೋಡಿರಲಿಲ್ಲ.

"ಮರ್ಯಾದೆ ಅಂದ್ರಲ್ಲ ಅಳಿಯಂದ್ರೇ. ಅವತ್ತಿನ ಮರ್ಯಾದೆ ಇವತ್ತೂ ಇರ್ಲಿ. ಇಲ್ಲ ಅಂದ್ರೆ ನನ್ನ ಮುಖ ನೋಡ್ಕೊಂಡೇ ಎತ್ತಿ."

ಕೈ ಅರ್ಧದಲ್ಲೇ ಕಿವಿ ಕೆರೆದುಕೊಂಡು ಕೆಳಗಿಳಿಯಿತು.

"ಎರಡೇ ಕೈ" ಅಂದಳು ರಿಸ್ಪರ್. "ನಿಯಮ ನೀವೇ ಹೇಳ್ಬಿಡಿ ಯಜಮಾನ್ರೇ. ನಿಮ್ಮ ಬಾಯಲ್ಲಿ ಕೇಳೋಕೆ ಚೆಂದ."

ಒಗ್ವೆನೊನ ತಲೆಗೆ ಸಿಟ್ಟೇರಿತು. ಸಿಟ್ಟಿನ ಕೈಗೆ ಬುದ್ಧಿ ಕೊಟ್ಟವನು ಮಾಡುವುದನ್ನೇ ಅವನೂ ಮಾಡಿದ. "ಬಾಯಿಲ್ದೋರು ಇಲ್ಲಿ ಯಾಕೆ ಕೂತಿದೀರಿ? ಇಬ್ರೂ ಎದ್ದು ಹೊರಗ್ಹೋಗಿ! ಐದು ಜನ ಕೂತ್ರೆ ಸಭೆ ಸಭೇನೇ. ಐದಕ್ಕೆ ನಾಕು ಕೈ ಬೇಕಾಗಿಲ್ಲ, ಮೂರು ಸಾಕು."

ಜಬ್ಲೋನ್ ಬದುಕಿದೆ ಎಂಬಂತೆ ಎದ್ದ. ನಾಶೊನ್ ಅವನಿಗಿಂತ ಮೊದಲೇ ಬಾಗಿಲಲ್ಲಿದ್ದ. ಅವರು ಹೊರಗೆ ಹೋದ ಮೇಲೆ ಒಗ್ವೆನೊ ಒಮ್ಮೆ ನಮ್ಮ ಕಡೆ ನೋಡಿದ, ಒಮ್ಮೆ ಒಚೊಲಾನ ಕಡೆ ನೋಡಿದ. ಮೂರು ಸಾಕು ಎಂದವನ ಬಳಿ ಇದ್ದದ್ದು ಎರಡು. ಮೂರು ಇದ್ದದ್ದು ನಮ್ಮ ಬಳಿ. ಅವನ ಮುಖ ಕಪ್ಪಿಟ್ಟಿತು.

"ಅವರನ್ನ ಕರೀರಿ" ಅಂದ.

ಬಾಗಿಲ ಪಕ್ಕ ಕೂತಿದ್ದವಳು ನಾನು. ಎದ್ದು ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತೆ. ಇದು ನ್ಯಾಯವೇ ಎಂದು ಆಮೇಲೆ ಹಲವರು ಕೇಳಿದ್ದಾರೆ. ಹೊರಗೆ ಕಳಿಸಿದವಳು ನಾನಲ್ಲ, ಅದನ್ನು ಕಳಿಸಿದವನನ್ನೇ ಕೇಳಿ.

"ನಂದೊಂದಿದೆ" ಅಂದಳು ರಿಸ್ಪರ್. "ಮರಳು ಮೀನು ಒಣಗಿಸೋರಿಗೇ ಇರ್ಬೇಕು. ಯಾರಿಗೂ ಬೇಲಿ ಹಾಕೋಕೆ ಕೊಡ್ಬಾರ್ದು. ಹೂಂ ಅನ್ನೋರು ಕೈ ಎತ್ತಿ."

ಬಾಗಿಲಿಗೆ ಒರಗಿಕೊಂಡೇ ನಾನು ಕೈ ಎತ್ತಿದೆ. ಮುದುಕ ಒಕುತಾ ಬಲೆ ಹೊಲಿಯುವ ಸೂಜಿ ಹಿಡಿದಿದ್ದ ಕೈಯನ್ನೇ ಎತ್ತಿದ. ರಿಸ್ಪರ್ ತನ್ನ ಕೈಯನ್ನು ಕೊನೆಗೆ, ನಿಧಾನವಾಗಿ ಎತ್ತಿದಳು.

"ಕೂತಿರೋರು ಐದು, ಎತ್ತಿರೋರು ಮೂರು. ಹೇಳಿ ಯಜಮಾನ್ರೇ, ಬಿತ್ತಾ, ಎದ್ದಿತಾ?"

ಅವನು ನಮ್ಮ ಕೈಗಳನ್ನು ಮತ್ತೊಮ್ಮೆ ಎಣಿಸಿದ. ನಾವು ಕಾದೆವು, ಕೈ ಇಳಿಸಲಿಲ್ಲ.

"ಎದ್ದಿತು" ಅಂದ.

ನಾನು ಬಾಗಿಲು ತೆಗೆದೆ. ನಾಶೊನ್ ಹೊಸ್ತಿಲ ಆಚೆಯೇ, ಗೋಡೆಯ ಕಡೆ ತಿರುಗಿ ನಿಂತಿದ್ದ. ರಿಸ್ಪರ್ ಮುಕ್ಕಾಲಿ ಎತ್ತಿಕೊಂಡು ಅವನ ಪಕ್ಕದಲ್ಲಿ ಹಾದು ಹೋಗುವಾಗ, ಮುಖ ನೋಡದೆ, ಮೊದಲಿನ ಮರ್ಯಾದೆಯಲ್ಲೇ ಹೇಳಿದಳು: "ಕೂತಿದ್ದಾಗ ಮಾಡ್ದೇ ಇದ್ದ ಉಪಕಾರಾನ ಎದ್ದು ಹೋಗಿ ಮಾಡಿದ್ರಿ ಅಳಿಯಂದ್ರೇ. ಮಗಳಿಗೆ ಹೇಳಿ, ನಾಳೆ ಬಲೆ ತಗೊಂಡು ಮರಳಿಗೆ ಬರ್ಲಿ."