ರಾಡಾರ್ ಹೇಳಿದ ಎಪ್ಪತ್ತೆರಡು

ತಮ್ಮನ ಮೇಲೆ ವೇಗದ ಕೇಸು ಬಿದ್ದಿದೆ ಎಂದು ಗೊತ್ತಾದಾಗ ನಾನು ಮೊದಲು ಬೈದದ್ದು ಪೊಲೀಸರಿಗೆ. ವಿಚಾರಿಸಿ ಆಮೇಲೆ ಬೈಯುವ ತಾಳ್ಮೆ ನನಗೆ ಮೊದಲಿನಿಂದಲೂ ಇಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಹೇಳುವುದು ಸುಳ್ಳಲ್ಲ. ಆದರೆ ಬೈದದ್ದೆಲ್ಲ ಮನೆಯೊಳಗೆ ನಿಂತು. ಪೊಲೀಸರೆಂದರೆ ನನಗೆ ಚಿಕ್ಕಂದಿನಿಂದ ಹೆದರಿಕೆ. ಆ ಹೆದರಿಕೆ ಯಾರಿಗೂ ಕಾಣಬಾರದೆಂದು ದನಿ ಏರಿಸುವುದು ನನ್ನ ಅಭ್ಯಾಸ.

ಮಂಕಿಯ ಹತ್ತಿರದ ನಮ್ಮ ಊರಿನಿಂದ ಹೊನ್ನಾವರದ ಶಾಲೆಯೊಂದಕ್ಕೆ ಅದರ ವ್ಯಾನಿನಲ್ಲಿ ಮಕ್ಕಳನ್ನು ಕರೆದೊಯ್ಯುವುದು ತಮ್ಮನ ಕೆಲಸವಾಗಿತ್ತು. ಹದಿನಾಲ್ಕು ಮಕ್ಕಳು. ಅವರಲ್ಲಿ ಮೂರನೆಯ ಕ್ಲಾಸಿನ ನನ್ನ ಮಗಳೂ ಒಬ್ಬಳು. ನಾನು ವಿಜ್ಞಾನ ಕಲಿಸುತ್ತಿದ್ದ ಹೈಸ್ಕೂಲು ಭಟ್ಕಳದ ಕಡೆಗಿತ್ತು. ಬೆಳಿಗ್ಗೆ ನಾನು ದಕ್ಷಿಣಕ್ಕೆ ಹೋಗುವ ಬಸ್ಸು ಹತ್ತಿದರೆ ಅವಳು ಉತ್ತರಕ್ಕೆ ಹೋಗುವ ವ್ಯಾನು ಹತ್ತುತ್ತಿದ್ದಳು. ಸ್ವಂತ ಮಾವನೇ ಓಡಿಸುವ ವ್ಯಾನು ಎಂಬ ಧೈರ್ಯದಲ್ಲಿ ನಾನು ತಿರುಗಿಯೂ ನೋಡುತ್ತಿರಲಿಲ್ಲ.

ಹೆದ್ದಾರಿಯಲ್ಲಿ ವೇಗ ಅಳೆಯುವ ಪೊಲೀಸ್ ಜೀಪು ನಮ್ಮ ಕಡೆ ಆಗಷ್ಟೇ ಕಾಣಿಸಿಕೊಂಡಿತ್ತು. ಐವತ್ತರ ಮಿತಿ ಇದ್ದ ಕಡೆ ವ್ಯಾನು ಎಪ್ಪತ್ತೆರಡರಲ್ಲಿ ಬಂತು ಎಂದು ಅದರೊಳಗಿನ ರಾಡಾರ್ ತೋರಿಸಿತ್ತಂತೆ. ಉಳಿದವರೆಲ್ಲ ಸ್ಥಳದಲ್ಲೇ ದಂಡ ಕಟ್ಟಿ ಹೋಗುತ್ತಿದ್ದರು. ತಮ್ಮ ಕಟ್ಟಲಿಲ್ಲ. ಕಟ್ಟಿದರೆ ತಪ್ಪು ಒಪ್ಪಿಕೊಂಡಂತೆ, ಒಪ್ಪಿಕೊಂಡ ಡ್ರೈವರನನ್ನು ಇಟ್ಟುಕೊಳ್ಳಲಾಗದು ಎಂದು ಶಾಲೆಯ ಆಡಳಿತದವರು ಆಮೇಲೆ ಖಡಾಖಂಡಿತವಾಗಿ ಹೇಳಿಯೂ ಬಿಟ್ಟರು. ಕೋರ್ಟು ಬಿಟ್ಟರೆ ಅವನು ಉಳಿದ, ಇಲ್ಲದಿದ್ದರೆ ಮತ್ತೆ ಮುಂಬೈ ಲಾರಿ ಹತ್ತಬೇಕು. ಆರು ವರ್ಷ ಲಾರಿ ಓಡಿಸಿ, ಮದುವೆಯಾದ ಮೇಲೆ ಸಾಕಪ್ಪಾ ಸಾಕು ಎಂದು ಊರಿಗೆ ಬಂದವನು ಅವನು.

"ಅಕ್ಕಾ, ನಾ ಐವತ್ತರ ಮೇಲೆ ಹೋಗ್ಲೇ ಇಲ್ಲ. ಆ ಯಂತ್ರದ ತಲೆ ಸರಿ ಇಲ್ಲ. ನೀ ಸೈನ್ಸ್ ಟೀಚರ್ ಅಲ್ದಾ, ಕೋರ್ಟಲ್ಲಿ ಬಂದು ಹೇಳು," ಎಂದ.

ನಾನು ಹೂಂ ಅಂದುಬಿಟ್ಟೆ.

ಕೇಸು ಹಿಡಿದವರು ಕುಮಟಾದ ಒಬ್ಬ ವಕೀಲರು, ವಯಸ್ಸಾದವರು, ನಮ್ಮ ತಂದೆಯ ಪರಿಚಯದವರು. ಜೀಪು ಎಲ್ಲಿ ನಿಂತಿತ್ತು ಎಂದು ತಮ್ಮನನ್ನು ಕೇಳಿದರು. ರಸ್ತೆಯ ಪಕ್ಕದಲ್ಲಲ್ಲ, ಒಳಗೆ ಗೇರುಮರದ ಬುಡದಲ್ಲಿ, ಓರೆಯಾಗಿ ಎಂದು ಅವನು ಹೇಳಿದ. ವಕೀಲರ ಮುಖ ಅರಳಿತು. "ಓರೆ ಇದ್ರೆ ಲೆಕ್ಕ ತಪ್ಪೂದು ಹೌದಾ ಟೀಚರೇ?" ಎಂದು ನನ್ನನ್ನು ಕೇಳಿದರು. ಹೌದು, ತಪ್ಪುತ್ತದೆ ಎಂದೆ. "ಆತು ಹಂಗಾರೆ, ಅಷ್ಟೇ ಸಾಕು," ಎಂದರು. ನನಗೂ ಅಷ್ಟೇ ಸಾಕು ಅನಿಸಿತ್ತು. ಲೆಕ್ಕ ಯಾವ ಕಡೆಗೆ ತಪ್ಪುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಹತ್ತು ವರ್ಷದಿಂದ ಮಕ್ಕಳಿಗೆ ಅದನ್ನೇ ಕಲಿಸುತ್ತಿದ್ದವಳು ನಾನು.

ರೈಲು ಬರುವಾಗ ಅದರ ಸೀಟಿ ತೀಕ್ಷ್ಣವಾಗಿ ಕೇಳುತ್ತದೆ, ದಾಟಿದ ಕೂಡಲೇ ದನಿ ಇಳಿಯುತ್ತದೆ. ಕೊಂಕಣ ರೈಲು ಬಂದ ಮೇಲೆ ನಮ್ಮ ಮಕ್ಕಳಿಗೆ ಇದನ್ನು ಕಲಿಸುವುದು ಸುಲಭವಾಗಿತ್ತು. ರಾಡಾರ್ ಮಾಡುವುದೂ ಅದನ್ನೇ. ಕಣ್ಣಿಗೆ ಕಾಣದ ಅಲೆಗಳನ್ನು ಗಾಡಿಯ ಮೇಲೆ ಬಿಡುತ್ತದೆ. ಎದುರು ಬರುವ ಗಾಡಿಗೆ ತಾಗಿ ಹಿಂತಿರುಗುವ ಅಲೆಗಳು ಒತ್ತೊತ್ತಾಗಿ ಬರುತ್ತವೆ. ಹೋದದ್ದಕ್ಕೂ ಬಂದದ್ದಕ್ಕೂ ಎಷ್ಟು ವ್ಯತ್ಯಾಸ ಎಂಬುದರಿಂದ ವೇಗ ತಿಳಿಯುತ್ತದೆ. ಆದರೆ ಗಾಡಿ ತನ್ನತ್ತ ಎಷ್ಟು ಬೇಗ ಬರುತ್ತಿದೆ ಎಂಬುದಷ್ಟೇ ಅದಕ್ಕೆ ಗೊತ್ತಾಗುವುದು.

ಸಾಕ್ಷಿ ಹೇಳುವ ಮೊದಲು ಜಾಗ ನೋಡಬೇಕು ಎನಿಸಿ ಒಂದು ಭಾನುವಾರ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಗೇರುಮರದಿಂದ ರಸ್ತೆಗೆ ನಲವತ್ತು ಹೆಜ್ಜೆ. ಅಲ್ಲಿಂದ, ಪೊಲೀಸರು ವ್ಯಾನಿನ ವೇಗ ಅಳೆದ ಮೋರಿಯವರೆಗೆ ಎಂಬತ್ತೈದು. ಮಗಳು ಎಣಿಸುತ್ತ ನಡೆದಳು, ನಾನು ಬರೆದುಕೊಂಡೆ. ಮೋರಿಯ ಕಟ್ಟೆಯ ಮೇಲೆ ಕುಳಿತು ಲೆಕ್ಕ ಹಾಕಿದೆ. ಕೋನ ಇಪ್ಪತ್ತೈದು ಡಿಗ್ರಿಯ ಆಸುಪಾಸು. ಉತ್ತರ ಬಂದಾಗ ತಪ್ಪಿರಬೇಕೆಂದು ಇನ್ನೊಮ್ಮೆ ಮಾಡಿದೆ. ಮತ್ತೆ ಅದೇ ಬಂತು.

ದಂಡೆಗೆ ಸಮಾನಾಂತರವಾಗಿ ಸಾಗುವ ದೋಣಿ ಎಷ್ಟೇ ಜೋರಾಗಿ ಹೋಗಲಿ, ದಡದಲ್ಲಿ ನಿಂತವನ ಹತ್ತಿರಕ್ಕೆ ಅದು ಅಷ್ಟು ಜೋರಾಗಿ ಬರುತ್ತಿರುವುದಿಲ್ಲ. ಓರೆಯಲ್ಲಿ ನಿಂತ ರಾಡಾರಿಗೂ ಅಷ್ಟೇ. ಅದು ತೋರಿಸುವ ವೇಗ ನಿಜವಾದ ವೇಗಕ್ಕಿಂತ ಕಡಿಮೆಯೇ ಇರುತ್ತದೆ, ಎಂದೂ ಹೆಚ್ಚಾಗದು. ಯಂತ್ರ ಎಪ್ಪತ್ತೆರಡು ಎಂದಿತ್ತು. ಹಾಗಾದರೆ ನನ್ನ ತಮ್ಮ ಓಡಿಸಿದ್ದು ಎಪ್ಪತ್ತೊಂಬತ್ತರಲ್ಲಿ.

ಎದುರಿನಿಂದ ಒಂದು ಟ್ಯಾಂಕರ್ ಹಾದುಹೋಯಿತು. ಕಟ್ಟೆ ಅದುರಿತು. ಮಗಳ ರಟ್ಟೆಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೋ, ನೋವಾಗ್ತದೆ ಬಿಡು ಎಂದು ಅವಳು ಕೊಸರಿಕೊಂಡಳು.

"ಮಾವ ಜೋರು ಓಡಿಸ್ತಾನಾ?" ಎಂದು ಕೇಳಿದೆ.

ಅವಳು ಚಪ್ಪಲಿಯಿಂದ ಮಣ್ಣು ಕೆದಕುತ್ತ ನಿಂತಳು. "ಈ ಮೋರಿ ಹತ್ರ ಮಾತ್ರ. ಇಲ್ಲಿ ಹಾರಿಸಿದ್ರೆ ಹೊಟ್ಟೆಲಿ ಕಚಗುಳಿ ಆಗ್ತದೆ. ನಾವೇ ಹೇಳುದು, ಹಾರ್ಸು ಮಾವಾ ಅಂತ. ನೀ ಅವ್ನಿಗೆ ಬೈಬೇಡ."

ಹದಿನಾಲ್ಕು ಮಕ್ಕಳು ಒಟ್ಟಿಗೆ ಕೂಗುತ್ತಾರೆ, ಇವನು ಆಕ್ಸಿಲರೇಟರ್ ಒತ್ತುತ್ತಾನೆ, ಎದುರಿನಿಂದ ಇಂಥ ಟ್ಯಾಂಕರುಗಳು ಬರುತ್ತಿರುತ್ತವೆ. ಅವನು ಕೆಟ್ಟವನಲ್ಲ. ಮಕ್ಕಳು ನಗಲಿ ಎಂದು ಮಾಡಿದ್ದು. ಅದು ಗೊತ್ತಾದ ಮೇಲೆ ನನ್ನ ಹೆದರಿಕೆ ಇನ್ನೂ ಹೆಚ್ಚಿತು.

ಅಂದೇ ಸಂಜೆ ತಮ್ಮನನ್ನು ಕೇಳಿದೆ, ನಿಜ ಹೇಳು ಎಂದು. ಮೊದಲು ನಕ್ಕ. ಆಮೇಲೆ ಮುಖ ಸಣ್ಣದು ಮಾಡಿಕೊಂಡು, "ಒಂದೆರಡು ಸಲ ಹೋಗಿರ್ಬಹುದು. ಈಗ ಎಂತ ಮಾಡುದು? ನೀನೇ ಹಿಂಗಂದ್ರೆ ನಂಗೆ ಯಾರಿದ್ರು?" ಎಂದ. ಇನ್ನು ಮುಂದೆ ಓಡಿಸುವುದಿಲ್ಲ ಎಂದು ಅವನ ಬಾಯಿಂದ ಬರಲಿ ಎಂದು ಕಾದೆ. ಬರಲಿಲ್ಲ. ಊರಿಗೆಲ್ಲ ಬೈಯುವ ನಾನು ಅಂದು ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ.

ಹೊನ್ನಾವರದ ಕೋರ್ಟಿನಲ್ಲಿ ನನ್ನ ಹೆಸರು ಕೂಗಿದರು. ಕಟಕಟೆ ಹತ್ತಿ ನಿಂತೆ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಿಸಿದರು. ಸತ್ಯವನ್ನೇ ಹೇಳುತ್ತೇನೆ ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಜೋರಾಗಿ ಹೇಳಿ ಎಂದು ನ್ಯಾಯಾಧೀಶರು ಹೇಳಬೇಕಾಯಿತು. ದಿನಕ್ಕೆ ಐದು ಪೀರಿಯಡ್ ಕಿರುಚುವವಳಿಗೆ ಆ ಮಾತು ಕೇಳುವ ಗತಿ ಬಂತು.

ವಕೀಲರು ಕೇಳಿದರು, "ಯಂತ್ರ ಓರೆಯಾಗಿದ್ದರೆ ಅದು ತೋರಿಸುವ ವೇಗಕ್ಕೂ ಗಾಡಿಯ ನಿಜವಾದ ವೇಗಕ್ಕೂ ವ್ಯತ್ಯಾಸ ಬರುತ್ತದೆಯೇ?"

"ಬರುತ್ತದೆ."

"ಅಂದರೆ ಎಪ್ಪತ್ತೆರಡು ಎಂಬುದು ಸರಿಯಾದ ಸಂಖ್ಯೆ ಅಲ್ಲ?"

"ಅಲ್ಲ," ಎಂದೆ.

ಎರಡೂ ಸತ್ಯ. ಇನ್ನೊಂದು ಪ್ರಶ್ನೆ ಬರುತ್ತದೆ ಎಂದು ನಾನು ಕಟಕಟೆಯ ಮರದ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ವ್ಯತ್ಯಾಸ ಹೆಚ್ಚೋ ಕಡಿಮೆಯೋ ಎಂದು ಸರ್ಕಾರಿ ವಕೀಲರು ಕೇಳಿದರೆ ಹೇಳಿಬಿಡುವುದು ಎಂದು ತೀರ್ಮಾನಿಸಿಕೊಂಡಿದ್ದೆ. ಕೇಳಲಿ ಎಂದು ಬೇಡಿಕೊಂಡೆ, ಕೇಳದಿರಲಿ ಎಂದೂ ಬೇಡಿಕೊಂಡೆ. ಅವರು ಕಾಗದ ಮಗುಚಿ, ಪ್ರಶ್ನೆ ಇಲ್ಲ ಎಂದರು. ನ್ಯಾಯಾಧೀಶರು ನನ್ನ ಕಡೆ ನೋಡಿ, ಮತ್ತೇನಾದರೂ ಹೇಳುವುದಿದೆಯೇ ಎಂದರು. ಗೋಡೆಯ ಪಕ್ಕದಲ್ಲಿ ತಮ್ಮ ಕೈಕಟ್ಟಿ ನಿಂತಿದ್ದ, ಒಗೆದ ಬಿಳಿ ಅಂಗಿ ಹಾಕಿಕೊಂಡು.

"ಇಲ್ಲ ಸರ್," ಎಂದೆ.

ಯಂತ್ರವನ್ನು ಪರೀಕ್ಷಿಸಿದ ಪ್ರಮಾಣಪತ್ರವನ್ನು ಪೊಲೀಸರು ತಂದಿರಲಿಲ್ಲ. ಅದೂ ಸೇರಿ, ಸಂಶಯದ ಲಾಭ ಎಂದು ಬರೆದು ತಮ್ಮನನ್ನು ಬಿಟ್ಟರು. ಹೊರಗೆ ಬಂದು ಅವನು ನನ್ನ ಕಾಲು ಮುಟ್ಟಲು ಬಂದ. ನಾನು ಹಿಂದೆ ಸರಿದೆ. ದಣಿದಿದ್ದೇನೆ ಎಂದು ಅವನು ತಿಳಿದುಕೊಂಡ.

ಓದುವವರು ಹೆದರುವುದು ಬೇಡ, ಈಗಲೇ ಹೇಳಿಬಿಡುತ್ತೇನೆ: ಆ ವ್ಯಾನಿಗೆ ಮುಂದೆ ಏನೂ ಆಗಲಿಲ್ಲ. ಮಕ್ಕಳೆಲ್ಲ ಬೆಳೆದು ದೊಡ್ಡವರಾದರು. ಆದರೆ ಕೋರ್ಟು ಬಿಟ್ಟ ಮರುದಿನ ಬೆಳಿಗ್ಗೆ ಇದು ನನಗೆ ಹೇಗೆ ಗೊತ್ತಿರಬೇಕು?

ಅಂದು ಮಗಳಿಗೆ ಜ್ವರ ಎಂದೆ. ಜ್ವರ ಇರಲಿಲ್ಲ. ಸದ್ಯಕ್ಕೆ ಅವಳನ್ನು ಭಟ್ಕಳದ ನನ್ನ ಶಾಲೆಗೇ ಕರೆದೊಯ್ದು ಜೊತೆಗೆ ಕೂರಿಸಿಕೊಳ್ಳುವುದು, ವರ್ಷ ಮುಗಿದ ಮೇಲೆ ಅಲ್ಲೇ ಹತ್ತಿರದಲ್ಲಿ ಎಲ್ಲಾದರೂ ಸೇರಿಸುವುದು ಎಂದು ನಾನು ಒಳಗೊಳಗೇ ನಿಶ್ಚಯಿಸಿಯಾಗಿತ್ತು. ಅವಳು ಬರುವುದಿಲ್ಲ ಎಂದು ಹೇಳಲೆಂದೇ ರಸ್ತೆಗೆ ಹೋದೆ. ಉಳಿದ ತಾಯಂದಿರು ಮಕ್ಕಳನ್ನು ವ್ಯಾನು ಹತ್ತಿಸುತ್ತಿದ್ದರು. ನನ್ನನ್ನು ಕಂಡು ಎಲ್ಲರೂ ನಕ್ಕರು. "ಟೀಚರ್, ನಿಮ್ಮಿಂದ್ಲೇ ಈ ವ್ಯಾನ್ ಉಳೀತು. ಇಲ್ದಿದ್ರೆ ನಾವು ಮಕ್ಳನ್ನ ಯಾರ ಹತ್ರ ಬಿಡುದಾಗಿತ್ತು?" ಎಂದು ಒಬ್ಬಳು ಹೇಳಿದಳು. ಅವಳ ಸೊಂಟದಲ್ಲಿ ಕೈಕೂಸು. ಆ ವರ್ಷವಷ್ಟೇ ಶಾಲೆಗೆ ಸೇರಿದ್ದ ಅವಳ ದೊಡ್ಡ ಹುಡುಗಿಗೆ ಮೆಟ್ಟಿಲು ಎಟಕುತ್ತಿರಲಿಲ್ಲ. ಒಂಚೂರು ಹತ್ತಿಸಿ ಟೀಚರ್ ಎಂದಳು.

ನಾನು ಹುಡುಗಿಯನ್ನು ಎತ್ತಿಕೊಂಡೆ. ಒಳಗೆಲ್ಲ ಮಕ್ಕಳು ಒತ್ತಿ ಕುಳಿತಿದ್ದರು, ಖಾಲಿ ಇದ್ದದ್ದು ಡ್ರೈವರ್ ಸೀಟಿನ ಹಿಂದಿನ ಒಂದೇ ಜಾಗ, ನನ್ನ ಮಗಳದು. ಆ ಪುಟ್ಟ ಹುಡುಗಿಯನ್ನು ಅಲ್ಲಿ ಕೂರಿಸಿ, ಬಾಗಿಲು ಎಳೆದು ಭದ್ರ ಮಾಡಿದ್ದು ನಾನೇ.