ಗುಡಿಯ ಪೌಳಿಯಲ್ಲಿ ನಡೆದ ತಪಾಸಣೆ

ಕಸ್ತೂರಿ, ನಿನ್ನ ಅವ್ವ ಗಂಗವ್ವ ಆಯುಷ್ಯ ತೀರಿ ಸಾಯಲಿಲ್ಲ. ಅವಳಿಗೆ ಸಿಗಬೇಕಾಗಿದ್ದ ಔಷಧ ತಪ್ಪಿಸಿದವನು ನಾನು. ಮಣ್ಣು ಕೊಟ್ಟ ದಿನ ನಿನ್ನೆದುರು ನಿಂತು, “ಅಕಿ ಆಯುಷ್ಯನ ಅಷ್ಟಿತ್ತು, ತಂಗಿ” ಎಂದೆನಲ್ಲ — ಸುಳ್ಳೆಂದು ಗೊತ್ತಿದ್ದೇ ಹೇಳಿದ್ದೆ.

ಅಥಣಿಯಿಂದ ಡಾಕ್ಟರು ನಮ್ಮೂರಿಗೆ ಬಿಪಿ ತಪಾಸಣೆಗೆ ಬಂದಾಗ ಜಾಗ ಗೊತ್ತು ಮಾಡಿದವನು ನಾನೇ. ಶಾಲೆಯ ಅಂಗಳ ಖಾಲಿ ಇತ್ತು. ನಾನು ಮಾತ್ರ ಹನುಮಪ್ಪನ ಗುಡಿಯ ಪೌಳಿಯೇ ಆಗಲಿ ಎಂದೆ. ನೆರಳಿದೆ, ನೀರಿದೆ ಎಂದು ನೆಪ ಹೇಳಿದೆ. ನಿಮ್ಮ ಕೇರಿಯವರು ಆ ಹೊಸ್ತಿಲು ದಾಟುವುದಿಲ್ಲವೆಂದು ಊರಿನ ನಾಯಿಗೂ ಗೊತ್ತು, ನನಗೆ ಗೊತ್ತಿರಲಿಲ್ಲವೇ? ಒಂದೇ ಸಾಲಿನಲ್ಲಿ ನಿಮ್ಮವರ ಹಿಂದೆ ನಿಲ್ಲಬೇಕಾದೀತು — ಅದು ನನಗೆ ಬೇಡವಾಗಿತ್ತು. ಅಷ್ಟೇ.

ನಿನ್ನ ಅವ್ವ ಪೌಳಿಯ ಹೊರಗೆ ಬಿಸಿಲಲ್ಲಿ ನಿಂತು ಕರೆದಳು. “ಸಾವ್ಕಾರ್ರ, ತಲಿ ಭಾಳ ಸಿಡ್ಯಾಕತ್ತೈತ್ರಿ. ಡಾಕ್ಟರ್ನ ಒಂದೀಟ ಹೊರಗ ಕರೀರಿ.”

“ನಿಮ್ದು ದುಡ್ಯೂ ಮೈ ಬೇ, ನಿಮಗ್ಯಾಕ ಬಿಪಿ ಬರತೈತಿ? ಅದು ಕುಂತ ಉಣ್ಣೂ ಮಂದಿ ರೋಗ,” ಎಂದು ನಕ್ಕೆ. ಅವಳೂ ನಕ್ಕಳು. ನಗದೆ ಏನು ಮಾಡಿಯಾಳು, ನಮ್ಮ ತೋಟದ ಕೂಲಿಯವಳು?

ಹೊರಡುವ ಮುಂಚೆ ಡಾಕ್ಟರು ಕೇಳಿದರು, ಊರಿನವರೆಲ್ಲ ಬಂದರೇ ಎಂದು. “ಹೌದ್ರಿ, ಎಲ್ಲಾರೂ ಬಂದಾರ್ರಿ,” ಎಂದೆ.

ಅದೇ ದಿನ ನನಗೆ ಬಿಪಿ ಇರುವುದು ಗೊತ್ತಾಯಿತು. ಅಂದಿನಿಂದ ಮಾತ್ರೆ ನುಂಗುತ್ತಿದ್ದೇನೆ, ಗುಂಡುಕಲ್ಲಿನ ಹಾಗಿದ್ದೇನೆ. ಗಂಗವ್ವ ನನ್ನದೇ ವಾರಿಗೆಯವಳು. ಮುಂದೊಂದು ದಿನ ತೋಟದಲ್ಲಿ ದ್ರಾಕ್ಷಿ ಕೊಯ್ಯುತ್ತಿದ್ದವಳು ನನ್ನ ಕಣ್ಣೆದುರೇ ಬಾಯಿ ಸೊಟ್ಟಗಾಗಿ ಕುಸಿದಳು. ಮೆದುಳಿನ ನರ ಒಡೆದಿದೆ, ಬಿಪಿ ಏರಿದ್ದನ್ನು ಯಾರೂ ನೋಡಿಲ್ಲವೇ ಎಂದು ಆಸ್ಪತ್ರೆಯಲ್ಲಿ ಬೈದರು. ನಾನು ತಲೆ ತಗ್ಗಿಸಿ ನಿಂತಿದ್ದೆ — ದುಃಖವೆಂದು ನೀನು ತಿಳಿದೆ.

ನಮ್ಮ ಓಣಿಯ ಕಟ್ಟೆಯ ಮೇಲೆ ಎಂಬತ್ತು ದಾಟಿದ ಮುದುಕರು ಎಲೆಅಡಿಕೆ ಹಾಕುತ್ತ ಕೂತಿರುತ್ತಾರೆ. ನಿಮ್ಮ ಕೇರಿಯಲ್ಲಿ ಅಂಥವರನ್ನು ಹುಡುಕಬೇಕು. ಅದಕ್ಕೆ ಹಣೆಬರಹ ಎಂದು ಹೆಸರಿಟ್ಟು ಸುಖವಾಗಿ ಉಂಡೆವು. ಬರೆದವರು ನಾವೇ ಅಲ್ಲವೇ...

ನಿನಗೂ ಈಗ ತಲೆ ಸಿಡಿಯುತ್ತದಂತೆ. ತೋಟದ ಹೆಣ್ಣಾಳುಗಳು ಮಾತಾಡಿಕೊಳ್ಳುತ್ತಿದ್ದರು. ಅದಕ್ಕೇ ಬಾಯಿ ಬಿಟ್ಟೆ. ನಾಳೆಯೇ ಆಸ್ಪತ್ರೆಗೆ ಹೋಗು. ದುಡಿಯುವ ಮೈಗೆ ಏನೂ ಆಗದು ಎಂದವರನ್ನು ನಂಬಬೇಡ, ನನ್ನನ್ನಂತೂ ನಂಬಲೇಬೇಡ.

ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನು “ಇರ್ಲಿ ಬಿಡ್ರಿ ಸಾವ್ಕಾರ್ರ” ಎಂದುಬಿಡುತ್ತೀ. ನಮ್ಮ ತೋಟಕ್ಕೇ ಕೂಲಿಗೆ ಬರಬೇಕಾದವಳು ಬೇರೇನು ತಾನೇ ಅನ್ನಬಲ್ಲೆ?