ಮಗ್ಗ ನಿಲ್ಲಿಸಿದ ಮಾವ

ನನ್ನ ಗಂಡನ ತಂದೆಯವರ ಹುಬ್ಬಿನಲ್ಲಿ ಯಾವಾಗಲೂ ಹತ್ತಿಯ ಎಳೆ ಸಿಕ್ಕಿಕೊಂಡಿರುತ್ತಿತ್ತು. ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟುಕೊಂಡು, ಮಗ್ಗದ ಷೆಡ್ಡಿಗೆ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಆ ದಪ್ಪ ಹುಬ್ಬುಗಳು ಬೆಳ್ಳಗಾಗಿಬಿಡುತ್ತಿದ್ದವು. ಮದುವೆಯಾಗಿ ತಿರುಪ್ಪೂರು ಹತ್ತಿರದ ಅವಿನಾಶಿ ಊರಿನ ಆ ಮನೆಗೆ ಬಂದ ಹೊಸತರಲ್ಲಿ ಅವರಿಗೆ ತುಂಬ ವಯಸ್ಸಾಗಿದೆ ಅಂದುಕೊಂಡಿದ್ದೆ. ಮಗ್ಗಗಳಿಗೆ ರಜವಿದ್ದ ಒಂದು ಭಾನುವಾರ ನೋಡಿದರೆ ಹುಬ್ಬು ಕಪ್ಪಗಿತ್ತು.

ಮನೆಗೂ ಪವರ್‌ಲೂಮ್ ಷೆಡ್ಡಿಗೂ ನಡುವೆ ಒಂದೇ ಗೋಡೆ. ಕರೆಂಟು ಇರುವಷ್ಟು ಹೊತ್ತೂ ಆ ಗೋಡೆ ಅದುರುತ್ತಿತ್ತು. ವರ್ಷಗಟ್ಟಲೆ ಆ ಸದ್ದಿನಲ್ಲೇ ನಿಂತು ಮಾವನ ಕಿವಿ ಮಂದವಾಗಿತ್ತು. ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯ ಹತ್ತಿರ ಬಾಯಿಟ್ಟು ಕೂಗಬೇಕಿತ್ತು. ನಾನು ಕೊಯಮತ್ತೂರು ಸಿಟಿಯಲ್ಲಿ ಬೆಳೆದವಳು, ಚಿಕ್ಕಂದಿನಿಂದ ವೀಣೆ ಕಲಿತವಳು. ಇಂಥ ಮನೆಗೆ ವೀಣೆ ಹೊತ್ತುಕೊಂಡು ಬಂದೆನಲ್ಲ ಎಂದು ಮೊದಮೊದಲು ನನಗೇ ನಗು ಬರುತ್ತಿತ್ತು.

ಮದುವೆಯಾದ ವರ್ಷವೇ ನನ್ನ ಹಳೆಯ ವೀಣೆ ಟೀಚರ್ ಫೋನ್ ಮಾಡಿದರು. ಚೆನ್ನೈನ ದೊಡ್ಡ ಸಂಗೀತ ಕಾಲೇಜಿನಲ್ಲಿ ಪ್ರವೇಶಕ್ಕೆ ಕರೆದಿದ್ದಾರೆ, ಹೋಗಿ ನುಡಿಸಿ ಬಾ ಎಂದರು. ಮೂರು ವರ್ಷದ ಓದು. ಹಾಸ್ಟೆಲ್‌ನಲ್ಲೇ ಇರಬೇಕು. ಆಸೆ ಇರಲಿಲ್ಲವೆಂದಲ್ಲ, ಆಗುವ ಮಾತಲ್ಲ ಎಂದುಕೊಂಡೇ ಊಟದ ಹೊತ್ತಿನಲ್ಲಿ ವಿಷಯ ಎತ್ತಿದೆ. ಗಂಡ ನೋಡೋಣ ಎಂದರು. ಅತ್ತೆ ಸಾರಿನ ಸೌಟನ್ನು ಕೆಳಗಿಟ್ಟರು.

"ಮದ್ವೆ ಆಗಿ ಇನ್ನೂ ವರ್ಷ ಆಗ್ಲಿಲ್ಲೆ, ಸೊಸೆನ ಹಾಸ್ಟಲ್‌ಗೆ ಕಳ್ಸಿದ್ರೆ ಸೊಂದಕಾರರೆಲ್ಲ ಏನಂತಾರೆ?"

ನಮ್ಮ ಕಡೆಯ ಕನ್ನಡದವರಲ್ಲಿ ನೆಂಟರಿಗೆ ತಮಿಳಿನ ಹಾಗೆ ಸೊಂದಕಾರರು ಅನ್ನುವುದೇ ರೂಢಿ. ಮಾವ ನಮ್ಮ ಮುಖಗಳನ್ನೇ ನೋಡುತ್ತ ಕೂತಿದ್ದರು. ಏನು ಸಮಾಚಾರ ಎಂದು ಕೇಳಿದರು. ಅತ್ತೆ ಅವರ ಬಲಗಿವಿಗೆ ಎಲ್ಲವನ್ನೂ ಕೂಗಿ ಹೇಳಿದರು. ಮಾವ ಮಜ್ಜಿಗೆ ಅನ್ನ ಕಲಸುತ್ತಲೇ ಹೇಳಿದರು:

"ನಿನ್ನ ಮಗ ಹಾಸ್ಟಲ್‌ನಲ್ಲಿ ಇದ್ದು ಓದ್ದಾಗ ಯಾರಾದ್ರೂ ಏನಾದ್ರೂ ಅಂದ್ರಾ? ಇವ್ಳೂ ಓದಕ್ಕೆ ತಾನೆ ಹೋಗೋದು. ನೀ ಹೋಗು ಅಮ್ಮಣಿ."

ಅಮ್ಮಣಿ ಎಂದರೆ ಕೊಯಮತ್ತೂರು ಸುತ್ತಿನ ಕೊಂಗುನಾಡಿನಲ್ಲಿ ಮನೆಯ ಹೆಣ್ಣುಮಕ್ಕಳನ್ನು ಕರೆಯುವ ಮಾತು. ನನ್ನ ಹೆಸರು ಹಿಡಿದು ಅವರು ಒಮ್ಮೆಯೂ ಕರೆದ ನೆನಪಿಲ್ಲ.

ಚೆನ್ನೈಗೆ ಅವರೇ ಜೊತೆಗೆ ಬಂದರು. ತಿರುಪ್ಪೂರಿನಲ್ಲಿ ಹಗಲು ರೈಲು ಹತ್ತಿ ನೋಡಿದರೆ ಮೂರು ಸೀಟು ಕಾದಿರಿಸಿದ್ದಾರೆ. ಮೂರನೆಯದು ಅತ್ತೆಯ ಹೆಸರಿನಲ್ಲಿತ್ತು. ನಮ್ಮಿಬ್ಬರ ನಡುವಿನ ಆ ಸೀಟಿನಲ್ಲಿ ವೀಣೆಯನ್ನು ನಿಲ್ಲಿಸಿ, ತಮ್ಮ ಅಂಗವಸ್ತ್ರದಿಂದ ಕಟ್ಟಿದರು. ಟಿಕೆಟ್ ನೋಡಲು ಬಂದವನು ಈ ಅಮ್ಮ ಎಲ್ಲಿ ಎಂದು ತಮಿಳಿನಲ್ಲಿ ಕೇಳಿದ. ಮಾವ ವೀಣೆಯ ಕಡೆ ಕೈ ತೋರಿಸಿ, ಕಿವಿ ಕೇಳದವರ ದೊಡ್ಡ ದನಿಯಲ್ಲಿ, "ಇದೋ, ಕೂತವ್ಳಲ್ಲ!" ಎಂದರು. ಅವನಿಗೆ ಕನ್ನಡ ಬರದಿದ್ದರೂ ಅರ್ಥವಾಯಿತು. ಬೋಗಿಯಲ್ಲಿದ್ದವರೆಲ್ಲ ನಕ್ಕರು, ಅವನೂ ನಕ್ಕು ಮುಂದೆ ಹೋದ.

ಕಾಲೇಜಿನಲ್ಲಿ ಸೀಟು ಸಿಕ್ಕಿತು. ನಾನು ಹಾಸ್ಟೆಲ್ ಸೇರಿದೆ. ಇತ್ತ ನೆಂಟರ ಪ್ರಶ್ನೆಗಳು ಶುರುವಾದವು. ಅದಕ್ಕೆ ಮಾವ ಕಂಡುಕೊಂಡ ಉಪಾಯವನ್ನು ನನ್ನ ಗಂಡ ಫೋನಿನಲ್ಲಿ ನಗುನಗುತ್ತಾ ಹೇಳಿದರು. ಒಂದು ಮದುವೆಯ ಊಟದ ಪಂಕ್ತಿಯಲ್ಲಿ ದೂರದ ಸಂಬಂಧದ ಒಬ್ಬಾಕೆ ಮಾವನ ಪಕ್ಕ ಕೂತು, ಸೊಸೆ ಯಾಕೆ ಮನೆಯಲ್ಲಿಲ್ಲ, ಏನಾದರೂ ಜಗಳವೇ ಎಂದು ಮೆಲ್ಲಗೆ ಕೇಳಿದರಂತೆ. ಮಾವ "ಏನಂದೆ?" ಎಂದರು. ಆಕೆ ಸ್ವಲ್ಪ ಜೋರಾಗಿ ಕೇಳಿದರು. "ಏನಂದೆ ತಾಯಿ? ಕೇಳಿಸ್ಲಿಲ್ಲೆ!" ಎಂದು ಇವರು ಕಿವಿಗೆ ಕೈ ಇಟ್ಟು ಬಾಗಿದರು. ಅಷ್ಟರಲ್ಲಿ ಪಂಕ್ತಿಯೆಲ್ಲ ಇತ್ತ ತಿರುಗಿತ್ತು. ಆಕೆ, "ಏನಿಲ್ಲೆ ಅಣ್ಣ, ಪಾಯಸ ಬಂತಾ ಅಂದೆ" ಎಂದರಂತೆ.

"ಬಂತು, ಬಂತು. ಚೆಂದಾಗೈತೆ" ಎಂದು ಮಾವ ಎಲೆ ಬಳಿದರು.

ಕಾಲೇಜು ನಾನು ಅಂದುಕೊಂಡಂತಿರಲಿಲ್ಲ. ನಮ್ಮ ಪ್ರೊಫೆಸರಮ್ಮ ಮೊದಲ ವಾರವೇ ನನ್ನ ಎಡಗೈ ಹಿಡಿದು ನೋಡಿ, ಬೆರಳು ಕೂರಿಸುವ ರೀತಿಯೇ ಸರಿಯಿಲ್ಲ, ಹೀಗೆ ನುಡಿಸಿದರೆ ಗಮಕ ಯಾವತ್ತೂ ತುಂಬಿ ಬರುವುದಿಲ್ಲ ಎಂದರು. ಕೀರ್ತನೆ ನುಡಿಸುತ್ತಿದ್ದವಳನ್ನು ಮತ್ತೆ ಸರಳೆ ವರಸೆಗೆ ಕೂರಿಸಿದರು. ನನಗಿಂತ ಚಿಕ್ಕವರು ಪಕ್ಕದ ಕೋಣೆಯಲ್ಲಿ ವರ್ಣ ನುಡಿಸುವಾಗ ನಾನು ಸರಿಗಮ ಎಳೆಯುತ್ತಿದ್ದೆ. ಪೊಂಗಲ್ ರಜೆಗೆ ಊರಿಗೆ ಬಂದವಳು ವೀಣೆಯನ್ನು ಚೀಲದಿಂದ ತೆಗೆಯಲಿಲ್ಲ. ಮರಳಿ ಹೋಗುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ.

ಮಾವನಿಗೆ ಒಂದು ಅಭ್ಯಾಸವಿತ್ತು. ನಾನು ನುಡಿಸುವಾಗ ಪಕ್ಕದಲ್ಲಿ ಚಾಪೆ ಹಾಸಿ ಕೂತು, ವೀಣೆಯ ಕೊಡದ ಮೇಲೆ ಅಂಗೈ ಇಡುತ್ತಿದ್ದರು. ಕೇಳದಿದ್ದರೂ ಮರ ನಡುಗುವುದು ಕೈಗೆ ತಿಳಿಯುತ್ತಿತ್ತು. ಆ ರಜೆಯಲ್ಲಿ ಎರಡು ಸಂಜೆ ಚಾಪೆ ತಂದು ಕಾದರು. ಮೂರನೆಯ ಸಂಜೆ ಕೇಳಿಯೇ ಬಿಟ್ಟರು. ನಾನು ಅಳುತ್ತಾ ಅವರ ಕಿವಿಯಲ್ಲಿ ಕೂಗಿ ಹೇಳಿದೆ. ಅಳುವುದನ್ನೂ ಕೂಗಿಯೇ ಹೇಳಬೇಕಾಗಿ ಬಂದದ್ದು ಈಗ ನೆನೆದರೆ ನಗು ಬರುತ್ತದೆ.

ಅವರು ಚಾಪೆಯ ಮೇಲೆ ಕೂತು ಹೇಳಿದರು:

"ನಾನು ಕೈಮಗ್ಗದಲ್ಲಿ ಕಾಲಲ್ಲಿ ಹಲಗೆ ಮೆಟ್ಟಿ ನೇಯ್ತಿದ್ದವ್ನು ಅಮ್ಮಣಿ. ಪವರ್‌ಲೂಮಿಗೆ ಬಂದಾಗ ನನ್ನ ಕಾಲು ಸುಮ್ನೆ ಇರ್ಲೇ ಇಲ್ಲೆ. ಕೆಳಗೆ ಮೆಟ್ಟಕ್ಕೆ ಏನೂ ಇಲ್ಲೆ, ಆದ್ರೂ ನೆಲನ ಮೆಟ್ತಾನೇ ಇತ್ತು. ಎಲ್ರೂ ನೋಡಿ ನಕ್ರು. ನಂಗೆ ಓಡಿ ಹೋಗಣ ಅನ್ನಿಸ್ತು."

"ಆಮೇಲೆ?"

"ಆಮೇಲೆ ಒಂದು ದಿವ್ಸ ನೋಡ್ತೀನಿ, ಕಾಲು ಸುಮ್ನೆ ನಿಂತೈತೆ. ಯಾವಾಗ ನಿಲ್ತೋ ನಂಗೇ ತಿಳೀಲಿಲ್ಲೆ. ನಿನ್ನ ಕೈಯೂ ಹಂಗೆ."

ಮರುದಿನ ಬೆಳಿಗ್ಗೆ ವೀಣೆ ತೆಗೆದೆ. ರಜೆ ಮುಗಿದ ಮೇಲೆ ರೈಲು ಹತ್ತಿದೆ. ಆ ಬೇಸಿಗೆಯ ಹೊತ್ತಿಗೆ ಪ್ರೊಫೆಸರಮ್ಮ ನನ್ನ ಎಡಗೈಯನ್ನು ನೋಡುವುದು ಬಿಟ್ಟಿದ್ದರು.

ಕೊನೆಯ ವರ್ಷ ನನ್ನ ಗಂಡ ಹಟ ಹಿಡಿದು ಮಾವನನ್ನು ಕೊಯಮತ್ತೂರಿಗೆ ಕರೆದುಕೊಂಡು ಹೋಗಿ ಬಲಗಿವಿಗೆ ಶ್ರವಣಯಂತ್ರ ಹಾಕಿಸಿದರು. ನಾನು ರಜೆಯಲ್ಲಿದ್ದೆ. ಮಾವ ಬಂದವರೇ ಮುಂದಿನ ಕೋಣೆಯಲ್ಲಿ ಕೂತು, ನುಡಿಸು ಎಂದರು. ಕಲ್ಯಾಣಿ ರಾಗ ಎತ್ತಿಕೊಂಡೆ. ಅವರು ಹುಬ್ಬು ಗಂಟಿಕ್ಕಿ, ತಲೆ ಅತ್ತಿತ್ತ ಹೊರಳಿಸಿ ಕೇಳಿದರು. ಕೊನೆಗೆ ಕೈ ಎತ್ತಿ ನಿಲ್ಲಿಸಿದರು.

"ಇದ್ರ ಸತ್ತ ಇಷ್ಟು ಸಣ್ಣದಾ?"

ಸತ್ತ ಎಂದರೆ ಸದ್ದು. ಇಷ್ಟು ವರ್ಷ ಏನೋ ದೊಡ್ಡದನ್ನು ಊಹಿಸಿಕೊಂಡು ಈಗ ನಿರಾಸೆಯಾಯಿತೇನೋ ಎಂದುಕೊಂಡೆ. ಅವರು ಎದ್ದು ಹೊರಗೆ ಹೋದರು. ಒಂದು ನಿಮಿಷದ ಮೇಲೆ ಗೋಡೆ ಅದುರುವುದು ನಿಂತಿತು. ಒಂದೊಂದಾಗಿ ಎಲ್ಲ ಮಗ್ಗಗಳೂ ನಿಂತವು. ಕೆಲಸದವರು ಕರೆಂಟು ಹೋಯಿತೆಂದುಕೊಂಡು ಅಂಗಳಕ್ಕೆ ಬಂದರು. ಅತ್ತೆ ಅಡುಗೆಮನೆಯಿಂದ ಓಡಿ ಬಂದರು.

"ಏನಾಯ್ತು? ಹೊತ್ತಿಗೆ ಮುಂಚೆ ಯಾಕೆ ನಿಲ್ಸಿದ್ರು?"

"ಎಲ್ರಿಗೂ ಟೀ ಕೊಡು" ಎಂದು ಮಾವ ಒಳಗೆ ಬಂದು ಕೂತರು. "ಈಗ ನುಡಿಸು ಅಮ್ಮಣಿ. ಮೊದ್ಲಿಂದ."

ಕೊಯಮತ್ತೂರಿನಲ್ಲಿ, ಚೆನ್ನೈನಲ್ಲಿ ಒಳ್ಳೊಳ್ಳೆಯ ಸಭೆಗಳಲ್ಲಿ ಆಮೇಲೆ ನುಡಿಸಿದ್ದೇನೆ. ಅಂಥ ನಿಶ್ಶಬ್ದ ಮತ್ತೆ ನನಗೆ ಸಿಕ್ಕಿಲ್ಲ. ಮಾವ ಕಣ್ಣು ಮುಚ್ಚಲಿಲ್ಲ, ತಲೆದೂಗಲಿಲ್ಲ. ನನ್ನ ಬೆರಳನ್ನೇ ನೋಡುತ್ತಾ, ಬಾಯಿ ಸ್ವಲ್ಪ ತೆರೆದುಕೊಂಡು ಕೂತಿದ್ದರು. ಮುಗಿದ ಮೇಲೆ, "ಸಣ್ಣದು ತಾನೇ ಅಮ್ಮಣಿ. ಆದ್ರೆ ದೂರ ಹೋಗ್ತೈತೆ" ಎಂದರು. ನಾನು ಊರಿನಲ್ಲಿದ್ದ ದಿನಗಳಲ್ಲಿ ಮಗ್ಗದವರ ಟೀ ಬಿಡುವು ಅಂದಿನಿಂದ ನನ್ನ ಸಾಧಕದ ಹೊತ್ತಿಗೇ ಆಯಿತು.

ಹೋದ ವರ್ಷ ಮಾವ ತೀರಿಕೊಂಡರು. ಮಧ್ಯಾಹ್ನದ ಊಟ ಮಾಡಿ ಮಲಗಿದವರು ಏಳಲಿಲ್ಲ. ನಾನು ಆಗಲೇ ಅದೇ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ.

ಈ ಜೂನ್‌ನಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ಎರಡನೆಯ ವರ್ಷಕ್ಕೆ ಬರಲಿಲ್ಲ. ರಜೆಯಲ್ಲಿ ಮದುವೆಯಾಗಿ ವೆಳ್ಳಕೋಯಿಲ್ ಹತ್ತಿರದ ಒಂದು ತೋಟದ ಮನೆಗೆ ಹೋಗಿದ್ದಳು. ಹುಡುಕಿಕೊಂಡು ಹೋದೆ. ಅವಳ ಮಾವ ನಮ್ಮವರೇ, ಕನ್ನಡದವರು. ಕೈಕಟ್ಟಿ ಕೂತು, "ನೀವು ಇಷ್ಟು ದೂರ ಬಂದಿದ್ದೀರ. ನಿಮ್ಗೇನು ಇದ್ರಲ್ಲಿ?" ಎಂದು ಕೇಳಿದರು.

"ನಾನೂ ಒಂದು ಮನೆ ಸೊಸೇನೇ" ಎಂದು ನನ್ನ ಮಾವನ ಕಥೆ ಹೇಳಿದೆ. ಇಲ್ಲಿ ಬರೆದಷ್ಟೇ, ಬಹುಶಃ ಇದಕ್ಕಿಂತ ಉದ್ದವಾಗಿ. ಹುಡುಗಿ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಕಥೆ ಮುಗಿದ ಮೇಲೆ ಅವಳ ಮಾವ ಕಟ್ಟಿದ್ದ ಕೈ ಬಿಡಿಸಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ಹಾಸ್ಟಲ್‌ನಲ್ಲಿ ಊಟ ಹೆಂಗೆ?"